ವಿದ್ಯಾರ್ಥಿವೇತನದ ಋಣ

ಕಡೂರನ್ನು ದಾಟಿದ ರೈಲುಗಾಡಿ ಸ್ವಲ್ಪ ಹೊತ್ತಿನಲ್ಲಿಯೇ ಬೀರೂರು ಜಂಕ್ಷನ್ನನ್ನು ಸೇರುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ದಾರಿ ಅಜ್ಜಂಪುರದ ಬಯಲನ್ನು ಹಾಯ್ದು, ದಾವಣಗೆರೆ, ಹುಬ್ಬಳ್ಳಿಗಳ ಮೂಲಕ ದೂರದ ಪುಣೆಯತ್ತ ಸಾಗುತ್ತದೆ. ಇನ್ನೊಂದು ದಾರಿ ತರೀಕೆರೆಯ ತೋಟಗಳ ಸೆರಗಿನಲ್ಲಿ ಹಾದು, ಬಾಬಾಬುಡನ್ ಗಿರಿಸಾಲನ್ನು ಎಡಕ್ಕೆ ಬಿಟ್ಟು, ಭದ್ರಾವತಿಯನ್ನು ಮುಟ್ಟುತ್ತದೆ. ಗಾಡಿಯಲ್ಲಿ ಕುಳಿತ ಪ್ರಯಾಣಿಕನಿಗೆ ತಾನು ಯಾವ ಊರಿಗೆ ಹೋಗಬೇಕೆಂಬುದು ತಿಳಿದಿರುತ್ತದೆ. ಕೈಯಲ್ಲಿ ಟಿಕೆಟ್ಟೂ ಇರುತ್ತದೆ. ಆದ್ದರಿಂದ ದಾರಿ ಕವಲೊಡೆದಾಗ ಅವನು ಕಳವಳಗೊಳ್ಳಬೇಕಾದ ಕಾರಣವಿಲ್ಲ.

ಕಲಿಕೆಯ ದಾರಿಯಲ್ಲಿಯೂ ಇಂಥದೊಂದು ಜಂಕ್ಷನ್ ಬರುತ್ತದೆ. ಪದವಿ ಪರೀಕ್ಷೆ ಮುಗಿಯುತ್ತದೆ. ಮುಂದೇನು ಎಂಬ ಪ್ರಶ್ನೆ ಎದುರಾಗುತ್ತದೆ. ಇನ್ನೂ ಓದಬೇಕೆ? ಓದುವುದಾದರೆ ಯಾವ ವಿಷಯವನ್ನು, ಯಾವ ಊರಿನಲ್ಲಿ? ಅದರ ವೆಚ್ಚವನ್ನು ಹೊರುವವರು ಯಾರು? ಓದು ಮುಗಿದ ಮೇಲೆ ದೊರೆಯುವ ಕೆಲಸ ಎಂಥದು? ಇಲ್ಲಿ ಟಿಕೆಟ್ಟನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ. ನೂರ ನಲವತ್ತು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ಒಬ್ಬ ಬಡ ಯುವಕ ಈ ಪ್ರಶ್ನೆಗಳ ಎದುರಿನಲ್ಲಿ ನಿಂತಿದ್ದ. ಆತ ಆರಿಸಿಕೊಂಡ ಓದು ಅವನನ್ನು ಪುಣೆಗೆ ಕರೆದೊಯ್ದಿತು. ಆ ಓದಿನ ಫಲ ಮೂರು ನಾಲ್ಕು ದಶಕಗಳ ತರುವಾಯ ತರೀಕೆರೆಯ ಬೆಟ್ಟಗಳಿಗೂ ಭದ್ರೆಯ ದಡಕ್ಕೂ ಬಂದು ಮುಟ್ಟಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರೆಂದು ಲೋಕವಿಖ್ಯಾತರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೇ ಆ ಯುವಕ.

ವಿಶ್ವೇಶ್ವರಯ್ಯನವರು ಹುಟ್ಟಿದುದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದ ಆರಂಭದಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣವಿರಲಿಲ್ಲ. ಮಗ ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಆಗ ಆಸರೆಯಾಗಿ ನಿಂತವರು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು. ಅವರ ನೆರವಿನಿಂದ ಬಾಲಕ ವಿಶ್ವೇಶ್ವರಯ್ಯನವರು ಬೆಂಗಳೂರಿಗೆ ಬಂದು ವೆಸ್ಲಿಯನ್ ಮಿಷನ್ ಶಾಲೆಯಲ್ಲಿಯೂ, ಅನಂತರ ಸೆಂಟ್ರಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು.

ಸೋದರಮಾವನ ಮನೆಯೂ ಸಿರಿವಂತರದಾಗಿರಲಿಲ್ಲ. ತಮ್ಮ ಖರ್ಚಿಗೆ ತಾವೇ ದಾರಿ ಕಂಡುಕೊಳ್ಳಬೇಕೆಂದು ತರುಣ ವಿಶ್ವೇಶ್ವರಯ್ಯನವರು ನಿಶ್ಚಯಿಸಿದರು. ಬೆಂಗಳೂರಿನಲ್ಲಿದ್ದ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸ ದೊರೆಯಿತು. ಹಗಲು ಕಾಲೇಜಿನಲ್ಲಿ ಕಲಿಯುವುದು, ಉಳಿದ ವೇಳೆಯಲ್ಲಿ ಕಲಿಸುವುದು, ಮಿಕ್ಕ ಗಳಿಗೆಗಳಲ್ಲಿ ತಮ್ಮ ಪಾಠಗಳನ್ನು ಓದಿಕೊಳ್ಳುವುದು. ಹೀಗೆ ಕಾಲವನ್ನು ಅಳೆದು ಹಂಚುವ ಅಭ್ಯಾಸ ಅವರಿಗೆ ಆ ದಿನಗಳಲ್ಲಿಯೇ ಬೇರೂರಿತು. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲ ವಿದ್ವಾಂಸರು ಈ ಶ್ರಮಶೀಲ ವಿದ್ಯಾರ್ಥಿಯನ್ನು ಗುರುತಿಸಿ ಪ್ರೋತ್ಸಾಹವಿತ್ತರು. ಆಗ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ; ಇಲ್ಲಿನ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಆ ವಿಶ್ವವಿದ್ಯಾನಿಲಯದ ಬಿ.ಎ. ಪರೀಕ್ಷೆಯಲ್ಲಿ ವಿಶ್ವೇಶ್ವರಯ್ಯನವರು 1880ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು.

ಆ ಕಾಲದಲ್ಲಿ ಬಿ.ಎ. ಎಂಬ ಎರಡಕ್ಷರಗಳಿಗೆ ಇದ್ದ ಬೆಲೆಯನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಇಡೀ ಸಂಸ್ಥಾನದಲ್ಲಿ ಪದವೀಧರರನ್ನು ಎಣಿಸಿ ಹೇಳಬಹುದಾಗಿದ್ದ ಕಾಲ ಅದು. ಪದವಿ ಪಡೆದವನು ಶಾಲೆಯ ಉಪಾಧ್ಯಾಯನಾಗಬಹುದಾಗಿತ್ತು. ಅಮಲ್ದಾರರ ಕಚೇರಿಯನ್ನು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬಹುದಾಗಿತ್ತು. ಕಾನೂನನ್ನು ಓದಿ ವಕೀಲನಾಗಬಹುದಾಗಿತ್ತು. ತಂದೆಯನ್ನು ಕಳೆದುಕೊಂಡು, ಪಾಠ ಹೇಳಿ ಅನ್ನ ಸಂಪಾದಿಸುತ್ತಿದ್ದ ತರುಣನಿಗೆ ಕೂಡಲೇ ಸಂಬಳ ತರುವ ಕೆಲಸವೇ ಲೇಸೆಂದು ಹಿತೈಷಿಗಳು ಹೇಳಿದ್ದರೆ ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ತಿಂಗಳಿಗೆ ತಪ್ಪದೆ ಬರುವ ಸಂಬಳ ಬಡ ಸಂಸಾರಕ್ಕೆ ದೊಡ್ಡ ಭಾಗ್ಯ. ಇದಕ್ಕೆ ಪ್ರತಿಯಾಗಿ, ಇನ್ನೂ ಎರಡು ಮೂರು ವರ್ಷ ಓದುವೆನೆಂದು ಹೊರಡುವುದು ಕೈಯಲ್ಲಿರುವ ಧಾನ್ಯವನ್ನು ಉಣ್ಣದೆ ಹೊಲಕ್ಕೆ ಬಿತ್ತಿದಂತೆ. ಮಳೆ ಬಂದರೆ ಬೆಳೆ. ಬಾರದಿದ್ದರೆ ಬಿತ್ತಿದ ಧಾನ್ಯವೂ ಇಲ್ಲ.

ವಿಶ್ವೇಶ್ವರಯ್ಯನವರು ಆರಿಸಿಕೊಂಡುದು ಇಂಜಿನಿಯರಿಂಗ್ ವ್ಯಾಸಂಗವನ್ನು. ಇಂದು ಇಂಜಿನಿಯರ್ ಎಂಬ ಹೆಸರಿಗೆ ಸಮಾಜದಲ್ಲಿರುವ ಮನ್ನಣೆಯ ಬೆಳಕಿನಲ್ಲಿ ಅಂದಿನ ಆಯ್ಕೆಯನ್ನು ನೋಡಬಾರದು. ಆಗ ಅದು ಬಿಸಿಲು ಮಳೆಗಳಲ್ಲಿ ಬೀಡಾರದಿಂದ ಬೀಡಾರಕ್ಕೆ ಅಲೆಯುವ ಕೆಲಸ. ಕೆರೆಯ ಏರಿ, ಕಾಲುವೆ, ರಸ್ತೆ, ಸೇತುವೆಗಳ ನಡುವೆ ಬದುಕು ಸವೆಯಬೇಕು. ಸಂಸ್ಥಾನದಲ್ಲಿ ಆ ವಿದ್ಯೆಯನ್ನು ಕಲಿಸುವ ಒಂದು ಕಾಲೇಜೂ ಇರಲಿಲ್ಲ. ಕಲಿಯಬೇಕೆಂದರೆ ಪರಸ್ಥಳಕ್ಕೆ ಹೋಗಬೇಕು. ಹೋಗಬೇಕೆಂದರೆ ಹಣ ಬೇಕು.

ಆದರೆ ಆ ಕಾಲದ ಮೈಸೂರಿಗೆ ಅತ್ಯಂತ ಅಗತ್ಯವಾಗಿ ಬೇಕಾಗಿದ್ದುದು ಇಂಥ ವಿದ್ಯೆಯೇ. 1876ರಿಂದ 1878ರವರೆಗೆ ಸಂಸ್ಥಾನವನ್ನು ಭೀಕರ ಕ್ಷಾಮ ಆವರಿಸಿತ್ತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕೆಗಳ ನಡುವಣ ಅಂತರದಲ್ಲಿ ಎಷ್ಟು ಹಳ್ಳಿಗಳ ಮೌನ ಅಡಗಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡೂರಿನಂಥ ಬಯಲುಸೀಮೆಯ ರೈತನಿಗೆ ಕೆರೆಯೇ ಜೀವ. ಮದಗದ ಕೆರೆ, ಅಯ್ಯನಕೆರೆಗಳಂಥ ವಿಶಾಲವಾದ ಕೆರೆಗಳನ್ನು ಹಿಂದಿನವರು ಕಟ್ಟಿ ಬಿಟ್ಟುಹೋಗಿದ್ದರು. ಆದರೆ ಮಳೆಯೇ ಕೈಕೊಟ್ಟಾಗ ದೂರದಿಂದ ಧಾನ್ಯವನ್ನು ತರಲು ರೈಲಿರಲಿಲ್ಲ. ಬೀರೂರಿನ ಮೂಲಕ ಹರಿಹರಕ್ಕೆ ಹೋಗುವ ರೈಲುದಾರಿ ಆ ಭಾಗಕ್ಕೆ ಬಂದುದು ಕ್ಷಾಮ ಕಳೆದು ಹತ್ತು ವರ್ಷಗಳಾದ ಮೇಲೆ. ನೀರನ್ನು ನಿಲ್ಲಿಸುವವರೂ ದಾರಿಯನ್ನು ನಿರ್ಮಿಸುವವರೂ ನಾಡಿಗೆ ಬೇಕಾಗಿದ್ದರು.

1881ರ ಮಾರ್ಚ್ ತಿಂಗಳಲ್ಲಿ, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ, ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಿತು. ರಂಗಾಚಾರ್ಲು ಅವರು ದಿವಾನರಾದರು. ಅವರ ಕೈಗೆ ಬಂದ ಬೊಕ್ಕಸದಲ್ಲಿ ಹಣಕ್ಕಿಂತ ಸಾಲವೇ ಹೆಚ್ಚಾಗಿತ್ತು. ಕ್ಷಾಮ ಪರಿಹಾರಕ್ಕಾಗಿ ಮಾಡಿದ 80 ಲಕ್ಷ ರೂಪಾಯಿಗಳ ಸಾಲ ಸಂಸ್ಥಾನದ ತಲೆಯ ಮೇಲಿತ್ತು. ಇಂಥ ಸ್ಥಿತಿಯಲ್ಲಿ ಜಾಣ ಆಡಳಿತಗಾರನು ಮೊದಲು ಖರ್ಚನ್ನು ಕಡಿಮೆ ಮಾಡುತ್ತಾನೆ. ರಂಗಾಚಾರ್ಲು ಅವರೂ ಖರ್ಚನ್ನು ಬಿಗಿಹಿಡಿದರು. ಆದರೂ ರೈಲುದಾರಿಯ ಕೆಲಸವನ್ನು ನಿಲ್ಲಿಸಲಿಲ್ಲ. ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಯೋಗ್ಯರಾದ ತರುಣರ ವಿದ್ಯೆಗೆ ಹಣವನ್ನು ಕೊಡಲು ಹಿಂಜರಿಯಲಿಲ್ಲ. ವಿಶ್ವೇಶ್ವರಯ್ಯನವರಿಗೆ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು.

ಆ ಹಣ ಎಲ್ಲಿಂದ ಬಂದಿತೆಂಬುದನ್ನು ಒಂದು ಕ್ಷಣ ಯೋಚಿಸಬೇಕು. ಕ್ಷಾಮದಲ್ಲಿ ದನಕರುಗಳನ್ನು ಕಳೆದುಕೊಂಡು, ಮತ್ತೆ ನೇಗಿಲು ಹಿಡಿದ ರೈತನು ಕೊಟ್ಟ ಕಂದಾಯದಿಂದ ಅದು ಬಂದಿತ್ತು. ವಿದ್ಯಾರ್ಥಿವೇತನವನ್ನು ಸರ್ಕಾರದ ದಾನವೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ ಅದು ಓದಿಲ್ಲದವರು ಓದುವವನಿಗೆ ಕೊಟ್ಟ ಕಡ. ಕೊಟ್ಟವರಿಗೆ ತಾವು ಕೊಟ್ಟುದೇ ತಿಳಿದಿರುವುದಿಲ್ಲ; ಆದ್ದರಿಂದ ಅವರು ಬಂದು ಕೇಳುವುದೂ ಇಲ್ಲ. ಪಡೆದವನೇ ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಪುಣೆಯ ಆ ಕಾಲೇಜು ಬೊಂಬಾಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಅಲ್ಲಿ ಮಾತು ಮರಾಠಿ, ಪರಿಸರ ಹೊಸದು, ಪರಿಚಿತರು ಇಲ್ಲ. ಪಾಠ ಹೇಳಿ ಹೊಟ್ಟೆ ಹೊರೆಯಬೇಕಾದ ಸಂಕಟ ಮಾತ್ರ ಈಗ ತಪ್ಪಿತ್ತು. ವಿದ್ಯಾರ್ಥಿವೇತನದಿಂದ ದೊರೆತ ನಿಜವಾದ ಲಾಭ ಹಣಕ್ಕಿಂತ ಹೆಚ್ಚಾಗಿ ಬಿಡುವು. ಆ ಬಿಡುವಿನ ಒಂದೊಂದು ಗಳಿಗೆಯನ್ನೂ ಅವರು ವ್ಯಾಸಂಗಕ್ಕೆ ಸಲ್ಲಿಸಿದರು. ಮೂರು ವರ್ಷಗಳ ಪಾಠಕ್ರಮವನ್ನು ಎರಡೂವರೆ ವರ್ಷಗಳಲ್ಲಿಯೇ ಮುಗಿಸಿದರು. 1883ರ ನವೆಂಬರಿನಲ್ಲಿ ನಡೆದ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿ, ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಗಳಿಸಿದರು. ಆದರೆ ಈ ಸುದ್ದಿಯನ್ನು ಕೇಳಿ ಸಂತೋಷಪಡಲು ರಂಗಾಚಾರ್ಲು ಅವರು ಉಳಿದಿರಲಿಲ್ಲ. ಆ ವರ್ಷದ ಜನವರಿಯಲ್ಲಿಯೇ ಅವರು ಕಾಲವಾಗಿದ್ದರು. ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ.

ಇಲ್ಲಿ ಎರಡನೆಯ ಕವಲು ಎದುರಾಯಿತು. ಪರೀಕ್ಷೆಯಲ್ಲಿ ಮೊದಲಿಗರಾದುದರಿಂದ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅವರಿಗೆ ನೇರವಾಗಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ದೊರೆಯಿತು. 1884ರ ಮಾರ್ಚಿನಲ್ಲಿ ಅವರು ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಓದಿಗೆ ಹಣ ಕೊಟ್ಟುದು ಮೈಸೂರು. ಓದಿನ ಫಲವನ್ನು ಪಡೆದುದು ಬೊಂಬಾಯಿ. ಇದು ಸರಿಯೇ ಎಂದು ಯಾರಾದರೂ ಕೇಳಬಹುದು. ಪರ ಊರಿಗೆ ಕಲಿಯಲು ಹೋದ ಮಕ್ಕಳು ಅಲ್ಲಿಯೇ ನೆಲಸಿದಾಗ ಇಂದಿಗೂ ಹಳ್ಳಿಗಳ ಜಗಲಿಗಳ ಮೇಲೆ ಕೇಳಿಬರುವ ಪ್ರಶ್ನೆ ಇದೇ. ಇದಕ್ಕೆ ವಿಶ್ವೇಶ್ವರಯ್ಯನವರ ಬಾಳು ಕೊಡುವ ಉತ್ತರ ಸುಲಭವಾದುದಲ್ಲ. ಅದನ್ನು ತಿಳಿಯಲು ಅವರ ಮುಂದಿನ ಇಪ್ಪತ್ತೈದು ವರ್ಷಗಳನ್ನು ನೋಡಬೇಕು.

ಕಾಲೇಜಿನಲ್ಲಿ ಕಲಿತುದು ಆರಂಭ ಮಾತ್ರ. ಬೊಂಬಾಯಿ ಪ್ರಾಂತ್ಯ ಅವರಿಗೆ ಎರಡನೆಯ ಪಾಠಶಾಲೆಯಾಯಿತು. ನಾಸಿಕ, ಖಾನದೇಶಗಳಲ್ಲಿ ನದಿ ಕಾಲುವೆಗಳ ಕೆಲಸ. ಸಿಂಧ್ ಪ್ರಾಂತ್ಯದ ಸಕ್ಕರದಲ್ಲಿ ಸಿಂಧೂ ನದಿಯ ನೀರನ್ನು ಊರಿಗೆ ಒದಗಿಸುವ ಕೆಲಸ. ಅನಂತರ ಪುಣೆಯ ಸುತ್ತಮುತ್ತಲ ನೀರಾವರಿ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ಒಂದು ಮಟ್ಟವನ್ನು ಮೀರಿದರೆ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು, ಮಟ್ಟ ಇಳಿದೊಡನೆ ಮುಚ್ಚಿಕೊಳ್ಳುವ ಏರ್ಪಾಡು ಅದು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡಲು ಅದರಿಂದ ಸಾಧ್ಯವಾಯಿತು. 1898ರಲ್ಲಿ ಜಪಾನಿಗೆ ಹೋಗಿ, ಒಂದು ಪೌರಸ್ತ್ಯ ದೇಶ ಶಿಕ್ಷಣ ಮತ್ತು ಕೈಗಾರಿಕೆಗಳಿಂದ ಹೇಗೆ ತಲೆಯೆತ್ತಿತೆಂಬುದನ್ನು ಕಣ್ಣಾರೆ ಕಂಡುಬಂದರು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿನ ಕುಡಿಯುವ ನೀರು ಮತ್ತು ಚರಂಡಿಗಳ ಯೋಜನೆಯನ್ನು ಸಿದ್ಧಪಡಿಸಿದರು. ಪುಣೆಯಲ್ಲಿದ್ದಾಗ ರಾನಡೆ, ಗೋಖಲೆಯವರಂಥ ಮಹನೀಯರ ಒಡನಾಟವೂ ಲಭಿಸಿತು. ಇಷ್ಟು ಬಗೆಯ ಅನುಭವ ಅಂದಿನ ಮೈಸೂರಿನ ಒಂದು ಇಲಾಖೆಯಲ್ಲಿ ಅವರಿಗೆ ದೊರೆಯುವ ಸಂಭವ ಕಡಿಮೆಯಾಗಿತ್ತು.

ಆದರೆ ಆ ಸೇವೆಗೂ ಒಂದು ಮಿತಿಯಿತ್ತು. ಹಲವರು ಹಿರಿಯರನ್ನು ದಾಟಿ ಅವರಿಗೆ ಬಡ್ತಿ ಬಂದಿದ್ದರೂ, ಮುಖ್ಯ ಇಂಜಿನಿಯರ್ ಪದವಿ ಆ ದಿನಗಳಲ್ಲಿ ಭಾರತೀಯನೊಬ್ಬನಿಗೆ ದೊರೆಯುವಂತಿರಲಿಲ್ಲ. ಅಸಮಾಧಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಲ ಕಳೆಯುವವರು ಅನೇಕರು. ವಿಶ್ವೇಶ್ವರಯ್ಯನವರು ಪೂರ್ಣಾವಧಿ ಮುಗಿಯುವ ಮೊದಲೇ, 1908ರಲ್ಲಿ, ತಾವಾಗಿಯೇ ನಿವೃತ್ತಿಯನ್ನು ಬೇಡಿ ಹೊರಬಂದು ವಿದೇಶ ಪ್ರವಾಸಕ್ಕೆ ತೆರಳಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಹಾಳುಗೆಡವಿತ್ತು. ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಅಲ್ಲಿಗೆ ಬಂದು, ಮತ್ತೆ ಅಂಥ ಪ್ರವಾಹ ಬಾರದಂತೆ ಜಲಾಶಯಗಳ ಯೋಜನೆಯನ್ನು ರೂಪಿಸಿಕೊಟ್ಟರು.

ಅದೇ ಕಾಲಕ್ಕೆ ಮೈಸೂರಿನಿಂದ ಕರೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಸಂಸ್ಥಾನದ ಮುಖ್ಯ ಇಂಜಿನಿಯರನ್ನಾಗಿ ನೇಮಿಸಬಯಸಿದರು. ವಿಶ್ವೇಶ್ವರಯ್ಯನವರು ಒಡನೆಯೇ ಒಪ್ಪಲಿಲ್ಲ. ಹುದ್ದೆಯ ಹಿರಿಮೆ ಅವರಿಗೆ ಮುಖ್ಯವಾಗಿರಲಿಲ್ಲ. ಕೈಗಾರಿಕೆಗಳನ್ನೂ ತಾಂತ್ರಿಕ ಶಿಕ್ಷಣವನ್ನೂ ಬೆಳೆಸಲು ತಮಗೆ ಅವಕಾಶವಿರುವುದೇ ಎಂಬುದನ್ನು ಮೊದಲು ತಿಳಿಯಬಯಸಿದರು. ಆ ಭರವಸೆ ದೊರೆತ ಮೇಲೆಯೇ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಇಪ್ಪತ್ತರ ಹರೆಯದಲ್ಲಿ ವಿದ್ಯೆಯನ್ನು ಆರಿಸಿಕೊಳ್ಳುವಾಗ ಇದ್ದ ವಿವೇಕ, ಐವತ್ತರ ಹೊತ್ತಿಗೆ ಕೆಲಸವನ್ನು ಆರಿಸಿಕೊಳ್ಳುವಾಗಲೂ ಅವರನ್ನು ಬಿಟ್ಟುಹೋಗಿರಲಿಲ್ಲ. ಸಂಬಳ ಎಷ್ಟು ಎಂಬ ಪ್ರಶ್ನೆಗಿಂತ, ಈ ಕೆಲಸದಿಂದ ಏನು ಸಾಧ್ಯ ಎಂಬ ಪ್ರಶ್ನೆಯನ್ನು ಅವರು ಮುಂದಿಟ್ಟುಕೊಂಡರು.

ಮೈಸೂರು ಕೊಟ್ಟ ವಿದ್ಯಾರ್ಥಿವೇತನ ಹೀಗೆ ಇಪ್ಪತ್ತೆಂಟು ವರ್ಷಗಳ ತರುವಾಯ ಮೈಸೂರಿಗೆ ಮರಳಿತು. ಹೋದಾಗ ಅದು ಒಬ್ಬ ವಿದ್ಯಾರ್ಥಿಯ ಊಟ ವಸತಿಗಳ ಹಣವಾಗಿತ್ತು. ಬಂದಾಗ ಸಿಂಧ್‌ನಿಂದ ಏಡನ್ನಿನವರೆಗಿನ ಅನುಭವವನ್ನು ಕೂಡಿಸಿಕೊಂಡು ಬಂದಿತು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು. ಪುಣೆಯ ಬಳಿ ಮೊದಲು ಪ್ರಯೋಗ ಮಾಡಿದ ಸ್ವಯಂಚಾಲಿತ ಬಾಗಿಲುಗಳು ಮುಂದೆ ಅಲ್ಲಿಯೂ ಬಂದುವು. 1912ರಲ್ಲಿ ವಿಶ್ವೇಶ್ವರಯ್ಯನವರು ಸಂಸ್ಥಾನದ ದಿವಾನರಾದರು. ಒಮ್ಮೆ ರಂಗಾಚಾರ್ಲು ಅವರು ಕುಳಿತಿದ್ದ ಸ್ಥಾನದಲ್ಲಿ, ಅವರ ಆಡಳಿತದಿಂದ ವಿದ್ಯಾರ್ಥಿವೇತನ ಪಡೆದ ಹುಡುಗ ಕುಳಿತನು.

ಆ ಸ್ಥಾನದಿಂದ ಅವರು ಮಾಡಿದ ಕಾರ್ಯಗಳಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ನೆನೆಯಬೇಕಾದುದು ಎರಡು. 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಪದವಿಗಾಗಿ ಮದರಾಸಿನತ್ತ ಮುಖ ಮಾಡಬೇಕಾಗಿದ್ದ ಸಂಸ್ಥಾನದ ತರುಣರಿಗೆ ತಮ್ಮದೇ ಆದ ವಿಶ್ವವಿದ್ಯಾನಿಲಯ ದೊರೆಯಿತು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದು ಇಂದು ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತು ನಿಂತಿದೆ. ಇಂಜಿನಿಯರಾಗಬೇಕಾದರೆ ಊರು ಬಿಟ್ಟು ಪರಪ್ರಾಂತ್ಯಕ್ಕೆ ಹೋಗಬೇಕಾಗಿದ್ದ ಕಷ್ಟವನ್ನು ತಾವು ಉಂಡವರು, ಮುಂದಿನವರಿಗೆ ಆ ಕಷ್ಟ ಬೇಡವೆಂದು ಊರಿನಲ್ಲಿಯೇ ಕಾಲೇಜನ್ನು ತೆರೆದರು. ಋಣವನ್ನು ತೀರಿಸುವ ಬಗೆಗಳಲ್ಲಿ ಇದು ಉತ್ತಮವಾದುದು.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಬಡತನವಿದ್ದರೂ ವಿಶ್ವೇಶ್ವರಯ್ಯನವರ ಮನೆಯಲ್ಲಿ ಅಕ್ಷರವಿತ್ತು, ಬೆಂಗಳೂರಿನಲ್ಲಿ ಸೋದರಮಾವನಿದ್ದರು. ಅಷ್ಟೂ ಇಲ್ಲದ ಮನೆಗಳು ಸಂಸ್ಥಾನದಲ್ಲಿ ಬಹಳವಾಗಿದ್ದುವು. ವಿದ್ಯಾರ್ಥಿವೇತನ ಬಿ.ಎ. ಮುಗಿಸಿದವನಿಗೆ ದೊರೆಯುತ್ತದೆ, ಶಾಲೆಯ ಬಾಗಿಲನ್ನೇ ಕಾಣದ ಮಗುವಿಗೆ ದೊರೆಯುವುದು ಹೇಗೆ? ದಿವಾನರಾಗಿ ಅವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ದಾರಿಯನ್ನು 1913ರ ಶಾಸನದ ಮೂಲಕ ತೆರೆದರು. ಹಿಂದುಳಿದ ಸಮಾಜಗಳ ಮಕ್ಕಳಿಗೆ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದರು. ಆದರೆ ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮಾಜಗಳಿಗೂ ಪಾಲು ಸಲ್ಲಬೇಕೆಂಬ ಬೇಡಿಕೆ ಬಲವಾದಾಗ, ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂಬ ತಮ್ಮ ನಿಲುವನ್ನು ಅವರು ಬಿಡಲಿಲ್ಲ. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅಭಿಪ್ರಾಯಭೇದದಿಂದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಸಮಿತಿ ಹಿಂದುಳಿದ ವರ್ಗಗಳ ಪರವಾಗಿ ಮಾಡಿದ ಶಿಫಾರಸುಗಳಿಂದಾಗಿ ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲುಗಳು ಅನೇಕರಿಗೆ ತೆರೆದುವು. ದೊಡ್ಡವರ ಬಾಳನ್ನು ಓದುವಾಗ ಅವರ ಸಾಧನೆಯನ್ನೂ ಅವರ ನೋಟದ ಎಲ್ಲೆಯನ್ನೂ ಒಟ್ಟಿಗೆ ಅರಿಯುವುದು ಮರ್ಯಾದೆಗೆ ಕುಂದಲ್ಲ.

ಈಗ ಬೀರೂರಿನ ಇನ್ನೊಂದು ದಾರಿಯನ್ನು ಹಿಡಿಯೋಣ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗಿರಿ. ಆ ಕೆಂಪಿನಲ್ಲಿ ಕಬ್ಬಿಣದ ಅದಿರು ಇತ್ತು. ಸುತ್ತಲ ಮಲೆನಾಡಿನಲ್ಲಿ ಇದ್ದಿಲಿಗೆ ಬೇಕಾದ ಕಾಡು ಇತ್ತು. ಭದ್ರಾ ನದಿಯಲ್ಲಿ ನೀರಿತ್ತು. ಇವುಗಳನ್ನು ಒಂದುಗೂಡಿಸಿ, ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿಯೇ ರೂಪುಗೊಂಡಿತು. ಬೆಟ್ಟದ ಮೇಲಿನ ಅದಿರು ತಂತಿಹಗ್ಗದ ತೊಟ್ಟಿಲುಗಳಲ್ಲಿ ತಪ್ಪಲಿಗೆ ಇಳಿದು, ಅಲ್ಲಿಂದ ಕಿರುರೈಲಿನಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು. 1923ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಆದರೆ ಆ ವೇಳೆಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಗುರಿಯಾಯಿತು.

ಅಧಿಕಾರವನ್ನು ಬಿಟ್ಟು ನಾಲ್ಕು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಮತ್ತೆ ಕರೆದರು. ಅರುವತ್ತು ದಾಟಿದ ವಯಸ್ಸಿನಲ್ಲಿ ಅವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ಕಾರ್ಖಾನೆಯ ಹೊಣೆಯನ್ನು ಹೊತ್ತರು. ವಿದೇಶೀ ತಜ್ಞರ ಜಾಗದಲ್ಲಿ ಸಂಸ್ಥಾನದ ತರುಣ ಇಂಜಿನಿಯರುಗಳನ್ನು ತರಬೇತುಗೊಳಿಸಿ ನಿಲ್ಲಿಸಿದರು, ದುಂದನ್ನು ತಡೆದರು, ಕಾರ್ಖಾನೆಯನ್ನು ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ತಂದರು. ಮಲೆನಾಡಿನ ಅಂಚಿನ ಸಣ್ಣ ಊರು ಕಾರ್ಮಿಕರ ಪಟ್ಟಣವಾಯಿತು. ತರೀಕೆರೆ, ಅಜ್ಜಂಪುರ, ಕಡೂರುಗಳ ಕಡೆಯ ಮನೆಗಳಿಗೂ ಭದ್ರಾವತಿ ಎಂದರೆ ಮಗನಿಗೆ ಕೆಲಸ ದೊರೆಯಬಹುದಾದ ಊರು ಎಂಬ ಅರ್ಥ ಬಂದಿತು.

ಆ ದುಡಿಮೆಗಾಗಿ ಸರ್ಕಾರದಿಂದ ಬರಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ತರುಣರಿಗೆ ಕಸುಬುಗಳನ್ನು ಕಲಿಸುವ ಒಂದು ಸಂಸ್ಥೆಗಾಗಿ ಅದನ್ನು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಪದವಿಯವರೆಗೆ ಓದಲಾರದ, ಆದರೆ ಕೈಯಲ್ಲಿ ಒಂದು ವಿದ್ಯೆ ಬೇಕೆಂದು ಬಯಸುವ ಹುಡುಗರಿಗಾಗಿ ಹುಟ್ಟಿದ ಸಂಸ್ಥೆ ಅದು. 1881ರಲ್ಲಿ ಸಾಲದ ಬೊಕ್ಕಸದಿಂದ ಒಬ್ಬ ವಿದ್ಯಾರ್ಥಿಗೆ ಸಂದ ಹಣ, ಅರುವತ್ತೆರಡು ವರ್ಷಗಳ ತರುವಾಯ ಅನೇಕ ವಿದ್ಯಾರ್ಥಿಗಳಿಗೆ ಹೀಗೆ ಸಂದಾಯವಾಯಿತು. ಕಾಗದದ ಮೇಲೆ ಬರೆದ ಯಾವ ಕರಾರೂ ಅದನ್ನು ವಸೂಲು ಮಾಡಿರಲಿಲ್ಲ.

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು. ನೂರು ವರ್ಷಗಳ ತುಂಬು ಬಾಳನ್ನು ಬಾಳಿ, 1962ರ ಏಪ್ರಿಲ್ ತಿಂಗಳಲ್ಲಿ ಅವರು ಕಣ್ಮುಚ್ಚಿದರು. ಹುಟ್ಟಿದೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಕೆಮ್ಮಣ್ಣುಗುಂಡಿಯ ಗಣಿಯ ಗದ್ದಲ ಇಂದು ಅಡಗಿದೆ. ಅಲ್ಲಿಗೆ ಈಗ ಜನರು ಹೋಗುವುದು ಹೂದೋಟವನ್ನೂ ಮಂಜನ್ನೂ ನೋಡಲು. ಕಾರ್ಖಾನೆಗೂ ಹಿಂದಿನ ವೈಭವ ಉಳಿದಿಲ್ಲ. ಯಂತ್ರಗಳು ಹಳತಾಗುತ್ತವೆ, ಅದಿರು ಮುಗಿಯುತ್ತದೆ, ಮಾರುಕಟ್ಟೆ ಬದಲಾಗುತ್ತದೆ. ಆದ್ದರಿಂದಲೇ ಇಂದು ಯಾವ ಕೆಲಸಕ್ಕೆ ಬೆಲೆಯಿದೆಯೆಂಬುದನ್ನಷ್ಟೇ ನೋಡಿ ಓದನ್ನು ಆರಿಸಿಕೊಂಡವನು ನಾಳೆ ಪೇಚಿಗೆ ಸಿಕ್ಕಬಹುದು. ನಾಡಿಗೆ ಏನು ಬೇಕು, ತನ್ನಿಂದ ಏನು ಆದೀತು ಎಂಬುದನ್ನು ಕೂಡಿಸಿ ನೋಡಿದವನಿಗೆ ಒಂದು ಕೆಲಸ ಹೋದರೂ ಇನ್ನೊಂದು ಕಾಣುತ್ತದೆ. ನೀರಾವರಿಯಿಂದ 1881ರ ಆಯ್ಕೆಯ ಫಲವನ್ನು ಉಣ್ಣತೊಡಗಿದ ವಿಶ್ವೇಶ್ವರಯ್ಯನವರು ಆಡಳಿತಕ್ಕೂ, ಕಬ್ಬಿಣಕ್ಕೂ, ಶಿಕ್ಷಣಕ್ಕೂ ಕೈ ಹಾಕಿದುದು ಹೀಗೆ.

1881ರಲ್ಲಿ ಮೈಸೂರು ಸಂಸ್ಥಾನದಲ್ಲಿ ಒಂದು ವಿಶ್ವವಿದ್ಯಾನಿಲಯವೂ ಇರಲಿಲ್ಲ. ಇಂದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ ಸಮೀಪದಲ್ಲಿಯೇ, ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಅಜ್ಜಂಪುರದ ಹುಡುಗಿ, ಕಡೂರಿನ ಹುಡುಗ ಅಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಬಹುದು. ಬೆಂಗಳೂರಿಗೋ ಪುಣೆಗೋ ಕಡಲಾಚೆಗೋ ಹೋಗಬಹುದು. ದಾರಿಗಳು ಎರಡಲ್ಲ, ಹತ್ತಾರಾಗಿವೆ. ಆದರೆ ಆರಿಸಿಕೊಳ್ಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ. ಈ ಓದು ನನ್ನನ್ನು ಯಾವ ಕೆಲಸಕ್ಕೆ ಸಿದ್ಧಪಡಿಸುತ್ತದೆ? ಇದರ ವೆಚ್ಚ ಯಾರ ಬೆವರಿನಿಂದ ಬರುತ್ತಿದೆ? ದೂರ ಹೋದರೆ ಏನನ್ನು ಗಳಿಸುತ್ತೇನೆ, ಗಳಿಸಿದುದನ್ನು ಯಾವ ರೂಪದಲ್ಲಿ ಹಿಂದಿರುಗಿಸುತ್ತೇನೆ? ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ವಿಶ್ವೇಶ್ವರಯ್ಯನವರಿಗೇ ಇಪ್ಪತ್ತೆಂಟು ವರ್ಷ ಬೇಕಾಯಿತು. ಉತ್ತರ ತಡವಾಗಬಹುದು, ಪ್ರಶ್ನೆ ಮರೆತುಹೋಗಬಾರದು.